ಬೆನಕಪ್ಪನವರ ಬಚ್ಚಲು ಬಾಗಿಲು

ಬೇಸಿಗೆಯಲ್ಲಿ ಮಾಡಿಸಬೇಕಾದ ಕೆಲಸವನ್ನು ಮಳೆಗಾಲಕ್ಕೆ ಬಿಟ್ಟಿದ್ದು ಬೆನಕಪ್ಪನವರ ತಪ್ಪು. ಅದನ್ನು ಅವರೂ ಒಪ್ಪುತ್ತಾರೆ. ಬಚ್ಚಲುಮನೆ ಬಾಗಿಲಿನ ಅಂಚು ಒಂದಿಷ್ಟು ಉಜ್ಜಿಸಿಬಿಡಿ ಎಂದು ಹೆಂಡತಿ ಮಲ್ಲಿಕಾಂಬ ಏಪ್ರಿಲ್ ತಿಂಗಳಿನಿಂದಲೇ ಹೇಳುತ್ತಿದ್ದರು. ಆಗ ಬಾಗಿಲು ಬಿಸಿಲಿಗೆ ಒಣಗಿ, ಕಿರುಬೆರಳು ತಾಗಿಸಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಸರಿಯಾಗಿರುವ ಬಾಗಿಲಿಗೆ ಬಡಗಿಯನ್ನು ಯಾಕೆ ಕರೆಸಬೇಕು ಎಂದು ಬೆನಕಪ್ಪ ಸುಮ್ಮನಾದರು. ಜುಲೈ ಹೊತ್ತಿಗೆ ತರೀಕೆರೆಯ ಮೇಲೆ ಮೋಡ ಕವುಚಿಕೊಂಡಿತು. ಬಾಗಿಲು ನೀರು ಕುಡಿದು ಉಬ್ಬಿತು. ಒಳಗೆ ಹೋಗಬೇಕಾದರೆ ಗೋಡೆಗೆ ಒಂದು ಕಾಲು ಕೊಟ್ಟು ಎಳೆಯಬೇಕು, ಹೊರಗೆ ಬರಬೇಕಾದರೆ ಹೆಗಲು ಕೊಟ್ಟು ನೂಕಬೇಕು. ಬೆನಕಪ್ಪನವರ ಸ್ನಾನ ಮುಗಿಯಿತೆಂಬ ಸುದ್ದಿ ಪ್ರತಿದಿನ ಬೆಳಿಗ್ಗೆ ಆ ಸಾಲಿನ ನಾಲ್ಕು ಮನೆಗೂ ಕೇಳುತ್ತಿತ್ತು.

ಬೆನಕಪ್ಪ ಊರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ನಿವೃತ್ತಿಗೆ ಎರಡು ವರ್ಷ ಬಾಕಿ. ನಗುವ ಮನುಷ್ಯರಲ್ಲ. ಸಂಘದ ಸದಸ್ಯರು ಯಾರಾದರೂ ತೀರಿಕೊಂಡರೆ ಹಾರ ಹಿಡಿದು ಹೋಗಲು ಇವರನ್ನೇ ಕಳಿಸುತ್ತಿದ್ದರು. ಮುಖವನ್ನು ಅದಕ್ಕಾಗಿ ಬೇರೆ ಸಿದ್ಧ ಮಾಡಿಕೊಳ್ಳುವ ಅಗತ್ಯ ಅವರಿಗೆ ಇರಲಿಲ್ಲ.

ಶ್ರಾವಣ ಬಂದಕೂಡಲೇ ಕಡೂರಿನಿಂದ ಒಂದು ಸಂಬಂಧ ಬಂತು. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗುರುಮೂರ್ತಿಯವರ ಒಬ್ಬನೇ ಮಗ ಮೃತ್ಯುಂಜಯ, ಹೊಸದುರ್ಗದ ಕಡೆ ಹೈಸ್ಕೂಲು ಮೇಷ್ಟ್ರು. ಮಠದ ಒಂದು ಕಾರ್ಯಕ್ರಮದಲ್ಲಿ ಬೆನಕಪ್ಪನವರ ಮಗಳು ಸುಮನಾ ಊಟಕ್ಕೆ ಬಡಿಸುತ್ತಿದ್ದುದನ್ನು ನೋಡಿ ಹುಡುಗನ ತಾಯಿ ತೀರ್ಥಮ್ಮನವರೇ ಮೆಚ್ಚಿಕೊಂಡಿದ್ದರು. ಭಾನುವಾರ ಮಧ್ಯಾಹ್ನ ಬರುತ್ತೇವೆ ಎಂದು ಫೋನೂ ಮಾಡಿದರು.

ಸುಮನಾಗೆ ಇಪ್ಪತ್ತೆಂಟು. ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹಿಂದೆ ಬಂದ ಎರಡು ಸಂಬಂಧಗಳಲ್ಲಿ ಒಂದು ಜಾತಕಕ್ಕೆ ತಪ್ಪಿತ್ತು. ಇನ್ನೊಂದು ಕಡೆಯವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳುತ್ತೇವೆ ಎಂದು ಹೋದವರು ಇನ್ನೂ ಊರು ಮುಟ್ಟಿಲ್ಲವೇನೋ ಎಂಬಂತೆ ಸುಮ್ಮನಿದ್ದರು. ಅವರು ಬಂದ ದಿನ ಮುಂಭಾಗದ ಹಾಲಿನ ಸೂರಿನಿಂದ ಒಂದು ಹನಿ ಹುಡುಗನ ತಂದೆಯ ತಲೆಯ ಮೇಲೆ ಬಿದ್ದಿತ್ತು. ಅದಕ್ಕೇ ತಪ್ಪಿತು ಎಂದು ಮಲ್ಲಿಕಾಂಬ ಇವತ್ತಿಗೂ ಹೇಳುತ್ತಾರೆ.

ಆದ್ದರಿಂದ ಈ ಸಲ ಬೆನಕಪ್ಪ ವಾರವಿಡೀ ಮನೆ ರಿಪೇರಿಗೆ ನಿಂತರು. ಮೆಟ್ಟಿಲ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರು. ತಾರಸಿಯ ಬಿರುಕಿಗೆ ಪಕ್ಕದ ಮನೆಯ ಭೈರೇಶ್ ಕೊಟ್ಟ ಕಪ್ಪು ಅಂಟು ಮೆತ್ತಿದರು. ಭೈರೇಶ್‌ಗೆ ಬಸ್ ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ. ಜಗತ್ತಿನ ಎಲ್ಲ ಕಷ್ಟಕ್ಕೂ ತನ್ನ ಅಂಗಡಿಯಲ್ಲಿ ಒಂದು ಡಬ್ಬಿ ಇದೆ ಎಂದು ನಂಬಿದ್ದ ಮನುಷ್ಯ. ಶನಿವಾರ ಸಂಜೆಗೆ ಉಳಿದದ್ದು ಬಚ್ಚಲು ಬಾಗಿಲು ಒಂದೇ.

ಭಾನುವಾರ ಬೆಳಿಗ್ಗೆ ಭೈರೇಶ್ ಬಂದು ಬಾಗಿಲನ್ನು ವೈದ್ಯರಂತೆ ತಟ್ಟಿ ನೋಡಿದ. "ಬೆನಕಪ್ಪಣ್ಣ, ಅಂಚಿಗೆ ಮೇಣದಬತ್ತಿ ತಿಕ್ಕಿ. ಬೆಣ್ಣೆ ತರ ಜಾರುತ್ತೆ," ಎಂದ. ಬೆನಕಪ್ಪ ಎರಡು ಮೇಣದಬತ್ತಿ ಸವೆಸಿದರು. ಎದುರುಮನೆಯ ಪಾಪಮ್ಮ ಕೊಡೆ ಹಿಡಿದು ಬಂದು ನೋಡಿ, "ಮೇಣ ಎಲ್ಲಾರ ಹಚ್ತಾರೇನಪ್ಪಾ, ಹರಳೆಣ್ಣೆ ಹಚ್ಚು," ಎಂದರು. ಅದನ್ನೂ ಹಚ್ಚಿದರು. ಬಾಗಿಲು ಎರಡನ್ನೂ ಕುಡಿದು, ಇದ್ದಲ್ಲೇ ಇತ್ತು. ಬೆನಕಪ್ಪನವರ ಕೈ ಮಾತ್ರ ಯಾವುದನ್ನು ಹಿಡಿದರೂ ಜಾರುತ್ತಿತ್ತು. ಕಾಫಿ ಲೋಟ ಒಂದು ಹೋಯಿತು.

ಕೊನೆಗೆ ಹನ್ನೊಂದು ಗಂಟೆಗೆ ಬಡಗಿ ಕನಕರಾಜು ಸಿಕ್ಕಿದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬಾಗಿಲು ಕಳಚಿ, ಉಜ್ಜುಗೊರಡು ಹಾಕಿ ಸುರುಳಿ ಸುರುಳಿಯಾಗಿ ಮರ ತೆಗೆದ. ಹಳೆಯ ತುಕ್ಕು ಚಿಲಕ ಕಿತ್ತು ಹೊಸ ಸ್ಟೀಲ್ ಚಿಲಕ ಕೂರಿಸಿದ. ಬಾಗಿಲು ಮತ್ತೆ ನಿಲ್ಲಿಸಿದಾಗ ಚೌಕಟ್ಟಿಗೂ ಅದಕ್ಕೂ ನಡುವೆ ಒಂದು ಕಾಗದ ಹಾಯುವಷ್ಟು ಸಂದಿ ಇತ್ತು.

"ಇನ್ನು ಹತ್ತು ಮಳೆಗಾಲ ಬರ್ಲಿ ಸಾರ್, ಇದು ಹಿಡಿಯಲ್ಲ. ಹಿಡೀತು ಅಂದ್ರೆ ನಾನು ಉಳಿ ಮುಟ್ಟೋದು ಬಿಟ್ಬಿಡ್ತೀನಿ," ಎಂದು ಹೇಳಿ ಹೋದ.

ಬೆನಕಪ್ಪ ಬಾಗಿಲನ್ನು ಇಪ್ಪತ್ತು ಸಲ ಹಾಕಿ ತೆಗೆದು ನೋಡಿದರು. ಸದ್ದೇ ಇಲ್ಲ. ಎಷ್ಟೋ ವರ್ಷದ ಮೇಲೆ ತಮ್ಮ ಕೈಯಲ್ಲಿ ಒಂದು ಕೆಲಸ ಪೂರ್ತಿಯಾಯಿತು ಅನ್ನಿಸಿತು. ಆ ಸಂತೋಷ ಮುಖಕ್ಕೆ ಬರಲಿಲ್ಲ.

ಎರಡೂವರೆಗೆ ಸರಿಯಾಗಿ ಬೀಗರಾಗಬೇಕಾದವರು ಬಂದರು. ಬಂದದ್ದು ಇಬ್ಬರೇ. ಹುಡುಗನಿಗೆ ಶಾಲೆಯಲ್ಲಿ ಏನೋ ತರಬೇತಿಯಂತೆ, ಆಮೇಲೆ ಬರುತ್ತಾನಂತೆ. ತೀರ್ಥಮ್ಮ ಎತ್ತರದ ಆಳು, ಗಟ್ಟಿ ದನಿ. ಕೂತಕೂಡಲೇ ಮನೆಯ ಅಳತೆ, ಬಾಡಿಗೆಯೋ ಸ್ವಂತವೋ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಗುರುಮೂರ್ತಿ ಸಣಕಲು ಮನುಷ್ಯ. ಕುರ್ಚಿಯ ತುದಿಯಲ್ಲಿ, ಯಾರೋ ಈಗ ಎಬ್ಬಿಸಿ ಕಳಿಸಿಬಿಡುತ್ತಾರೆ ಎನ್ನುವಂತೆ ಕೂತಿದ್ದರು. ಹೆಂಡತಿ ಒಂದು ವಾಕ್ಯ ಮುಗಿಸಿದಾಗಲೆಲ್ಲ ತಲೆ ಆಡಿಸುತ್ತಿದ್ದರು.

ಸುಮನಾ ಬಂದು ಕೂತಳು. ತೀರ್ಥಮ್ಮ ನಾಲ್ಕು ಮಾತು ಕೇಳಿದರು. ಆಮೇಲೆ ಗಡಿಯಾರ ನೋಡಿ, "ನಮ್ಮದು ಎಳೆದಾಡೋ ವ್ಯವಹಾರ ಅಲ್ಲ ಮಲ್ಲಿಕಾಂಬ. ಹುಡುಗಿ ಒಪ್ಪಿಗೆ. ನಾಲ್ಕೂವರೆಗೆ ರಾಹುಕಾಲ ಬರುತ್ತೆ. ಅಷ್ಟರೊಳಗೆ ಎಲೆಅಡಿಕೆ ಶಾಸ್ತ್ರ ಮುಗಿಸಿಬಿಡೋಣ. ಕಾಯಿ, ಎಲೆ ಎಲ್ಲಾ ತಂದೇ ಇದೀನಿ," ಎಂದರು.

ಮಲ್ಲಿಕಾಂಬನ ಕಣ್ಣು ತುಂಬಿತು. ಅಷ್ಟರಲ್ಲಿ ಗುರುಮೂರ್ತಿ ಮೊದಲ ಸಲ ಬಾಯಿ ತೆರೆದರು.

"ಬಚ್ಚಲುಮನೆ ಎಲ್ಲಿದೆ?"

ಬೆನಕಪ್ಪ ತಾವೇ ಮುಂದೆ ಹೋಗಿ ಬಾಗಿಲು ತೆರೆದು ತೋರಿಸಿದರು. ಬೇಕಿಲ್ಲದಿದ್ದರೂ ಒಂದು ಸಲ ಹಾಕಿ, ಮತ್ತೆ ತೆರೆದು ತೋರಿಸಿದರು. ಗುರುಮೂರ್ತಿ ಒಳಗೆ ಹೋದರು. ಚಿಲಕ ಸಲೀಸಾಗಿ ಬಿತ್ತು.

ಹತ್ತು ನಿಮಿಷವಾಯಿತು. ಹದಿನೈದಾಯಿತು. ಬೆನಕಪ್ಪ ಹೋಗಿ ಬಾಗಿಲ ಬಳಿ ಕೆಮ್ಮಿದರು. ಒಳಗಿನಿಂದಲೂ ಒಂದು ಕೆಮ್ಮು ಬಂತು.

"ಯಜಮಾನ್ರೇ, ಏನಾದ್ರೂ ಬೇಕಿತ್ತಾ?"

"ಬಾಗಿಲು ಬರ್ತಾ ಇಲ್ಲ ಕಣ್ರೀ," ಎಂದಿತು ಸಣ್ಣ ದನಿ.

ಬೆನಕಪ್ಪ ಹಿಡಿಕೆ ಹಿಡಿದು ಎಳೆದರು. ಕದಲಲಿಲ್ಲ. ಗೋಡೆಗೆ ಕಾಲು ಕೊಟ್ಟು ಹಳೆಯ ಅಭ್ಯಾಸದಂತೆ ಜಗ್ಗಿದರು. ಹಿಡಿಕೆ ಸ್ಕ್ರೂ ಸಮೇತ ಕೈಗೆ ಬಂತು. ಬೆನಕಪ್ಪ ಹಿಂದಕ್ಕೆ ಹೋಗಿ ತುಂಬಿದ ಬಕೆಟ್ಟಿನಲ್ಲಿ ಕೂತರು. ಆ ಸದ್ದಿಗೆ ಭೈರೇಶ್ ಕಾಂಪೌಂಡ್ ದಾಟಿ ಬಂದ. ಅವನ ಹಿಂದೆ ಪಾಪಮ್ಮ.

"ನಾನು ಹೇಳಿರ್ಲಿಲ್ವಾ," ಎಂದ ಭೈರೇಶ್. ಏನು ಹೇಳಿದ್ದ ಎಂದು ಯಾರೂ ಕೇಳಲಿಲ್ಲ. "ಈ ಹವೆಗೆ ಉಜ್ಜಿದ ಮರ ಇನ್ನೂ ಜಾಸ್ತಿ ಉಬ್ಬುತ್ತೆ. ಕನಕರಾಜು ಕೆಲಸ ಎಲ್ಲಾ ಹಿಂಗೇಯ. ತಡೀರಿ, ಅವನನ್ನೇ ಹಿಡ್ಕೊಂಡು ಬತ್ತೀನಿ," ಎಂದು ಬೈಕು ಹತ್ತಿ ಹೋದ.

ಪಾಪಮ್ಮ ಬಾಗಿಲಿಗೆ ಬಾಯಿ ಹಚ್ಚಿ, "ಹೆದರ್ಕೋಬ್ಯಾಡಿ ಸ್ವಾಮಿ, ಗಾಳಿ ಬತ್ತಾ ಇದೆಯಾ?" ಎಂದು ಕೇಳಿದರು.

ಹಾಲಿನಿಂದ ತೀರ್ಥಮ್ಮನ ದನಿ ಬಂತು. ಅದರಲ್ಲಿ ಗಾಬರಿಯೇನೂ ಇರಲಿಲ್ಲ. "ಅವರು ಎಲ್ಲಿ ಹೋದ್ರೂ ಹೀಗೇ ಏನಾದ್ರೂ ಒಂದು ಮಾಡ್ಕೋತಾರೆ. ಮೂರೂವರೆಗೆ ಕಾಫಿ ಇಲ್ದಿದ್ರೆ ತಲೆನೋವು ಬರುತ್ತೆ, ಅದೊಂದು ನೋಡಿ."

ಒದ್ದೆ ಪಂಚೆಯಲ್ಲಿ, ಒಂದು ಕೈಯಲ್ಲಿ ಕಾಫಿ ತಂಬಿಗೆ, ಇನ್ನೊಂದರಲ್ಲಿ ಕೊಡೆ ಹಿಡಿದು ಬೆನಕಪ್ಪ ಹಿತ್ತಲಿಗೆ ಹೋದರು. ಬಚ್ಚಲಿನ ಕಿಟಕಿ ಅಲ್ಲಿ, ತಲೆಗಿಂತ ಮೇಲೆ, ಒಂದು ತಂಬಿಗೆ ಹಾಯುವಷ್ಟು ಅಗಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರು. ಜಿಟಿಜಿಟಿ ಮಳೆ ಬೀಳುತ್ತಿತ್ತು. ಒಳಗೆ ಗುರುಮೂರ್ತಿ ಬಕೆಟ್ ಬೋರಲು ಹಾಕಿಕೊಂಡು, ಡಾಕ್ಟರ ಸರದಿಗೆ ಕಾಯುವವರಂತೆ ಕೂತಿದ್ದರು.

"ಕ್ಷಮಿಸ್ಬೇಕು ಯಜಮಾನ್ರೇ. ಬೆಳಿಗ್ಗೆ ತಾನೇ ಉಜ್ಜಿಸಿದ್ದೆ. ನನ್ನ ಹಣೆಬರಹ. ಬಂದ ದಿನವೇ ನಿಮಗೆ ಹೀಗಾಯ್ತು," ಎಂದರು ಬೆನಕಪ್ಪ.

ಗುರುಮೂರ್ತಿ ಎದ್ದು ಬಂದು ತಂಬಿಗೆ ತೆಗೆದುಕೊಂಡರು. ಒಂದು ಗುಟುಕು ಕುಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಹೇಳಿದರು.

"ಬೆನಕಪ್ಪನೋರೇ, ಬಾಗಿಲು ಚೆನ್ನಾಗಿದೆ. ನಾನೇ ಚಿಲಕ ಹಾಕ್ಕೊಂಡು ಕೂತಿದೀನಿ."

ಬೆನಕಪ್ಪನವರಿಗೆ ಅರ್ಥವಾಗಲಿಲ್ಲ.

"ನನ್ನ ಮಗನಿಗೆ ಮದುವೆ ಆಗೋಗಿದೆ ಕಣ್ರೀ. ಹದಿನೈದು ದಿನ ಆಯ್ತು. ಅವನ ಶಾಲೇಲೇ ಒಬ್ಬಳು ಟೀಚರ್. ರಿಜಿಸ್ಟರ್ ಮಾಡ್ಕೊಂಡು ನನಗೆ ಫೋನ್ ಮಾಡ್ದ, ಅಮ್ಮಂಗೆ ನೀನೇ ಹೇಳಪ್ಪಾ ಅಂತ."

ಮಳೆನೀರು ಕೊಡೆಯ ಅಂಚಿನಿಂದ ಬೆನಕಪ್ಪನವರ ಹೆಗಲಿಗೆ ಇಳಿಯುತ್ತಿತ್ತು. ಅವರು ಅದನ್ನು ಗಮನಿಸಲಿಲ್ಲ.

"ಮತ್ತೆ ಹೇಳ್ಬಾರ್ದಾಗಿತ್ತಾ?"

"ಹೇಳ್ಬೇಕು ಅಂತಲೇ ದಿನಾ ಬಾಯಿ ತೆಗೀತೀನಿ. ತೆಗೆದ ತಕ್ಷಣ ಅವಳು 'ಏನು' ಅಂತಾಳೆ. ಅಷ್ಟಕ್ಕೇ ಮಾತು ಒಳಗೆ ಹೋಗ್ಬಿಡುತ್ತೆ. ಮೂವತ್ತೆರಡು ವರ್ಷದಿಂದ ಹೀಗೇ." ಗುರುಮೂರ್ತಿ ಕಾಫಿ ಕುಡಿದು ಮುಗಿಸಿದರು. "ಇವತ್ತು ಬರೀ ನೋಡ್ಕೊಂಡು ಹೋಗ್ತಾಳೆ ಅಂದ್ಕೊಂಡಿದ್ದೆ. ಕಾಯಿ ತಂದಿದಾಳೆ ಅಂತ ಇಲ್ಲಿ ಬಂದ ಮೇಲೆ ಗೊತ್ತಾಯ್ತು. ನಾನು ಇಲ್ದೆ ಎಲೆಅಡಿಕೆ ಆಗಲ್ಲ. ನಾಲ್ಕೂವರೆ ದಾಟಿದ್ರೆ ಅವಳು ರಾಹುಕಾಲದಲ್ಲಿ ಮುಟ್ಟಲ್ಲ. ಅಲ್ಲಿ ತನಕ ನನ್ನನ್ನ ಇಲ್ಲೇ ಇರೋಕೆ ಬಿಡಿ. ವಾರದೊಳಗೆ ನಾವೇ ಏನಾದ್ರೂ ನೆಪ ಹೇಳಿ ಬೇಡ ಅಂತೀವಿ. ನಿಮ್ಮ ಹುಡುಗಿಗೆ ಒಂದು ಮಾತು ಬರಲ್ಲ. ಈಗ ನೀವು ಹೋಗಿ ಕೂಗಾಡಿದ್ರೆ ಬೀದಿಯೋರ ಬಾಯಿಗೆಲ್ಲ ಬೀಳ್ತಾಳೆ."

ಬೆನಕಪ್ಪನವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಿಟಕಿಯ ಆಚೆಗೆ ಕಂಡ ಮುಖ ತಮ್ಮದೇ ಮುಖದ ಹಾಗಿತ್ತು. ಖಾಲಿ ತಂಬಿಗೆ ಈಸಿಕೊಂಡು ಕೆಳಗಿಳಿದರು. ಗಡಿಯಾರದಲ್ಲಿ ಮೂರು ಮುಕ್ಕಾಲು.

ಒಳಗೆ ಬಂದರೆ ಭೈರೇಶ್ ಕನಕರಾಜುವನ್ನು ಉಪಕರಣದ ಚೀಲದ ಸಮೇತ ತಂದು ನಿಲ್ಲಿಸಿದ್ದ. ಸಾಲದ್ದಕ್ಕೆ ಒಂದು ಹಾರೆಯನ್ನೂ ತಂದಿದ್ದ. ಕನಕರಾಜುವಿನ ಮುಖ ಕಪ್ಪಿಟ್ಟಿತ್ತು. ಅವನು ಬಾಗಿಲ ಸಂದಿಯಲ್ಲಿ ಉಗುರು ಹಾಯಿಸಿದ, ಮೇಲಿನಿಂದ ಕೆಳಗಿನವರೆಗೆ ಎಳೆದ.

"ಸಾರ್, ಇದು ಉಬ್ಬಿಲ್ಲ. ಸಂದಿ ಹಂಗೇ ಇದೆ. ಒಳಗಿಂದ ಚಿಲಕ..."

ಬೆನಕಪ್ಪ ಅವನ ಕಾಲು ತುಳಿದರು. "ಮೊದಲು ಕಾಫಿ ಕುಡಿ ಕನಕರಾಜು. ಅವಸರ ಏನಿಲ್ಲ."

"ಅವಸರ ಇಲ್ವಾ? ಒಳಗೆ ಒಬ್ಬರು ಕೂತವ್ರೆ," ಎಂದ ಭೈರೇಶ್.

"ಆರಾಮಾಗಿದಾರೆ. ಈಗ ಮಾತಾಡಿಸ್ಕೊಂಡು ಬಂದೆ."

"ನಾನು ಕಾಫಿ ಕುಡಿಯೋಕೆ ಬಂದಿಲ್ಲ ಸಾರ್," ಎಂದ ಕನಕರಾಜು. "ದಾರಿ ಉದ್ದಕ್ಕೂ ಇವರು ನನ್ನ ಕೆಲಸ ಸರಿ ಇಲ್ಲ ಅಂತ ಅಂದ್ಕೊಂಡೇ ಬಂದ್ರು. ನನಗೆ ಈ ಬಾಗಿಲು ತೆಗೆದು ತೋರಿಸ್ಬೇಕು. ಸಂದೀಲಿ ಒಂದು ತಗಡು ತೂರಿಸಿ ಚಿಲಕ ಎತ್ತಿದ್ರೆ ಎರಡು ನಿಮಿಷದ ಕೆಲಸ."

"ತಗಡು ಬೇಡ. ಬಣ್ಣ ಕಿತ್ತೋಗುತ್ತೆ."

"ಬಣ್ಣ ಹೋದ್ರೆ ಹೋಗ್ಲಿ ಬಿಡಪ್ಪಾ. ಮನುಷ್ಯರಿಗಿಂತ ಬಣ್ಣ ಹೆಚ್ಚಾ?" ಎಂದರು ಪಾಪಮ್ಮ.

ಬೆನಕಪ್ಪ ಜೀವನದಲ್ಲಿ ಅಷ್ಟು ಮಾತಾಡಿದ್ದೇ ಇಲ್ಲ. ಮರದ ಜಾತಿಯ ಬಗ್ಗೆ ಕೇಳಿದರು. ಹೊಸ ಚಿಲಕದ ಕಂಪನಿ ವಿಚಾರಿಸಿದರು. ಭೈರೇಶನ ಅಂಗಡಿಯಲ್ಲಿ ಒಳ್ಳೆಯ ಎಣ್ಣೆಯ ಡಬ್ಬಿ ಇದೆಯಲ್ಲ, ಅದನ್ನು ತಂದು ಬಿಟ್ಟು ನೋಡೋಣವೇ ಎಂದರು. ಭೈರೇಶ್ ಆಸೆಗೆ ಬಿದ್ದು ಹೋಗಿ ತಂದ. ಹದಿನೈದು ನಿಮಿಷ ಹೋಯಿತು. ಎಣ್ಣೆಯನ್ನು ಬೆನಕಪ್ಪ ತಾವೇ ಬಾಗಿಲ ಕೀಲುಗಳಿಗೆ ಹನಿಹನಿಯಾಗಿ, ಮಗುವಿಗೆ ಔಷಧಿ ಹಾಕುವಂತೆ ಬಿಟ್ಟರು. ಅದಕ್ಕೆ ಮತ್ತೆ ಹತ್ತು ನಿಮಿಷ. ಈ ನಡುವೆ ಪಾಪಮ್ಮ ನಿಂತು ಕಾಲು ನೋಯುತ್ತದೆ ಎಂದು ಹಾಲಿಗೆ ಹೋದರು. ಒಳಗಿನಿಂದ ಗುರುಮೂರ್ತಿ ಆಗಾಗ, ಬೆನಕಪ್ಪನವರಿಗೆ ಸಹಾಯವಾಗಲೆಂದು, ಬಾಗಿಲನ್ನು ಮೆಲ್ಲಗೆ ನೂಕುವ ಸದ್ದು ಮಾಡುತ್ತಿದ್ದರು.

ನಾಲ್ಕು ಗಂಟೆ ಹದಿನೆಂಟು ನಿಮಿಷಕ್ಕೆ ಭೈರೇಶನ ತಾಳ್ಮೆ ಮುಗಿಯಿತು. "ನೀವು ಆಚೆ ನಿಂತ್ಕಳಿ ಬೆನಕಪ್ಪಣ್ಣ. ನಿಮ್ಮ ಮೆತ್ತಗಿನ ಸ್ವಭಾವಕ್ಕೆ ಒಂದು ಜೀವ ಹೋಗ್ಬಾರ್ದು," ಎಂದವನೇ ಹಾರೆಯನ್ನು ಸಂದಿಗೆ ತೂರಿಸಿ ಮೈಭಾರವನ್ನೆಲ್ಲ ಬಿಟ್ಟ. ಬೆನಕಪ್ಪ ಅವನ ತೋಳು ಹಿಡಿಯಲು ಹೋದರು. ಬೆಳಗಿನ ಹರಳೆಣ್ಣೆಯ ಕೈ ಜಾರಿತು.

ಹೊಸ ಚಿಲಕ ಗಟ್ಟಿಯಾಗಿತ್ತು, ಬಗ್ಗಲಿಲ್ಲ. ಬಗ್ಗಿದ್ದು ಗೋಡೆ. ಚೌಕಟ್ಟು ಗಾರೆಯ ಸಮೇತ ಬುಡ ಬಿಟ್ಟಿತು. ಎರಡು ಸಾಲು ಟೈಲ್ಸ್ ಪಟಪಟನೆ ಉದುರಿದವು. ಬಾಗಿಲು ಚೌಕಟ್ಟನ್ನು ಬಿಡದೆ, ಚೌಕಟ್ಟು ಬಾಗಿಲನ್ನು ಬಿಡದೆ, ಎರಡೂ ಒಟ್ಟಿಗೆ ನಡುಮನೆಯ ಕಡೆಗೆ ಒರಗಿ ಬಿದ್ದವು. ಭೈರೇಶ್ ಹಾರಿ ತಪ್ಪಿಸಿಕೊಂಡ. ಸುಣ್ಣದ ಧೂಳು ಅಡಗಿದ ಮೇಲೆ ಗುರುಮೂರ್ತಿ ಬೋರಲು ಬಕೆಟ್ಟಿನ ಮೇಲೆ ಕೂತಿರುವುದು ಕಾಣಿಸಿತು. ತಲೆ ಪೂರ್ತಿ ಬೆಳ್ಳಗಾಗಿತ್ತು.

ಕನಕರಾಜು ಬಗ್ಗಿ ನೋಡಿದ. ಚಿಲಕ ಹಾಕಿದಂತೆಯೇ ಇತ್ತು.

ಬೆನಕಪ್ಪ ಗಡಿಯಾರ ನೋಡಿದರು. ಹತ್ತು ನಿಮಿಷ ಉಳಿದಿತ್ತು. ಮುಖ ತೊಳೆಸಿ, ತಲೆ ಒರೆಸಿ, ಒಂದು ಲೋಟ ನೀರು ಕೊಟ್ಟರೆ ಅಷ್ಟು ಹೊತ್ತು ಕಳೆಯುತ್ತದೆ ಎಂದು ಲೆಕ್ಕ ಹಾಕಿದರು. ಗುರುಮೂರ್ತಿಯೂ ಅದನ್ನೇ ಯೋಚಿಸಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಟವೆಲಿನಿಂದ ಒಂದೊಂದೇ ಕೂದಲು ಒರೆಸುವಂತೆ ನಿಧಾನವಾಗಿ ಒರೆಸಿ, ಮೆಲ್ಲಗೆ ಹಾಲಿಗೆ ಬಂದರು.

ಹಾಲಿನಲ್ಲಿ ಊದುಬತ್ತಿ ಹಚ್ಚಿತ್ತು. ಸುಮನಾಳ ಹಣೆಯಲ್ಲಿ ಹೊಸ ಕುಂಕುಮ, ಮಡಿಲಲ್ಲಿ ಕಾಯಿ. ಪಾಪಮ್ಮ ಎದ್ದು ಬಂದು ಇಬ್ಬರ ಕೈಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿದರು.

"ಎಲ್ಲಾ ಆಯ್ತು," ಎಂದರು ತೀರ್ಥಮ್ಮ. "ನೀವು ಬರೋ ತನಕ ಕಾಯ್ತಾ ಕೂತಿದ್ರೆ ರಾಹುಕಾಲ ಬಂದ್ಬಿಡೋದು. ನಾನಿದೀನಲ್ಲ. ಹುಡುಗಿ ಕಡೆಗೆ ಹಿರಿಯರು ಅಂತ ಪಾಪಮ್ಮನೋರು ನಿಂತ್ಕೊಂಡ್ರು. ಗಂಡಸ್ರು ಬಚ್ಚಲಲ್ಲಿದ್ರೆ ಏನಂತೆ."

ನಾನಿಲ್ಲದೆ ಆಗುವುದಿಲ್ಲ ಎಂದು ನಂಬಿದ್ದ ಗುರುಮೂರ್ತಿ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, ಮೊದಲಿನ ಹಾಗೇ ಕುರ್ಚಿಯ ತುದಿಯಲ್ಲಿ ಕೂತರು.

ಬೆನಕಪ್ಪ ಮಗಳನ್ನು ನೋಡಿದರು. ಅವಳು ತಲೆ ತಗ್ಗಿಸಿ ಮಡಿಲಿನ ಕಾಯಿಯನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಎರಡು ವರ್ಷದಿಂದ ಆ ಮುಖದಲ್ಲಿ ಕಾಣದಿದ್ದ ಒಂದು ನೆಮ್ಮದಿ ಇತ್ತು. ಅದನ್ನು ನೋಡಿ ಅವರಿಗೆ ನಿಲ್ಲಲಾಗಲಿಲ್ಲ.

"ತೀರ್ಥಮ್ಮನೋರೇ, ಇದು ಆಗಲ್ಲ," ಎಂದರು. "ನಿಮ್ಮ ಮಗನಿಗೆ ಮದುವೆ ಆಗಿದೆಯಂತೆ. ರಿಜಿಸ್ಟರ್ ಆಗಿದೆಯಂತೆ. ಈಗ ನಿಮ್ಮ ಯಜಮಾನ್ರೇ ನನಗೆ ಹೇಳಿದ್ರು. ಬಚ್ಚಲು ಕಿಟಕೀಲಿ."

ತೀರ್ಥಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಏನು?" ಎಂದರು.

ಗುರುಮೂರ್ತಿಯ ಬಾಯಿ ತೆರೆಯಿತು.

"ನಾನೇನೂ ಹೇಳಿಲ್ಲ," ಎಂದರು. "ಕ್... ಕಾಫಿ ಕೊಟ್ರು. ಕುಡಿದೆ."

"ಗುರುಮೂರ್ತಿಯೋರೇ," ಎಂದರು ಬೆನಕಪ್ಪ.

ಗುರುಮೂರ್ತಿ ನೆಲ ನೋಡುತ್ತಿದ್ದರು.

"ಬಾಗಿಲು ಉಬ್ಬೇ ಇರ್ಲಿಲ್ಲ. ಇವರೇ ಚಿಲಕ ಹಾಕ್ಕೊಂಡು ಕೂತಿದ್ರು. ಕನಕರಾಜು, ನೀನೇ ಹೇಳು. ಚಿಲಕ ಹಾಕಿತ್ತೋ ಇಲ್ವೋ?"

"ಹಾಕಿತ್ತು," ಎಂದ ಕನಕರಾಜು.

"ಬಚ್ಚಲಿಗೆ ಹೋದೋರು ಚಿಲಕ ಹಾಕ್ದೆ ಇರ್ತಾರಾ?" ಎಂದರು ಗುರುಮೂರ್ತಿ, ತುಂಬ ಮೆಲ್ಲಗೆ.

ಎಲ್ಲರಿಗೂ ಅದು ಸರಿ ಅನ್ನಿಸಿತು. ಪಾಪಮ್ಮ ತಲೆದೂಗಿದರು. "ಚಿಲಕವೇ ಸಿಕ್ಕಾಕ್ಕೊಂಡಿರ್ಬೇಕು," ಎಂದ ಭೈರೇಶ್. ಚಿಲಕ ಕೂರಿಸಿದ್ದು ತಾನೇ ಎಂದು ನೆನಪಾಗಿ ಕನಕರಾಜು ಮುಂದೆ ಮಾತಾಡಲಿಲ್ಲ.

ತೀರ್ಥಮ್ಮ ಫೋನ್ ತೆಗೆದರು. ಮಗನಿಗೆ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಮೃತ್ಯುಂಜಯ, ನಿನಗೆ ಮದುವೆ ಆಗಿದೆಯೇನೋ?"

ಆ ಕಡೆ ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು.

"ಯಾರಮ್ಮ ಹೇಳಿದ್ದು?"

"ಹುಡುಗಿ ಅಪ್ಪ ಹೇಳ್ತಿದಾರೆ. ಅವರಿಗೆ ನಿಮ್ಮಪ್ಪ ಹೇಳಿದ್ರಂತೆ."

"ಅಪ್ಪ ಏನಂತಾರೆ?"

"ನಾನು ಹೇಳಿಲ್ಲ ಅಂತಾರೆ."

"ಹಾಗಾದ್ರೆ ಇಲ್ಲಮ್ಮ," ಎಂದ ಮೃತ್ಯುಂಜಯ.

ತೀರ್ಥಮ್ಮ ಫೋನ್ ಮುಚ್ಚಿ ಬೆನಕಪ್ಪನವರನ್ನು ಮೇಲಿಂದ ಕೆಳಗೆ ನೋಡಿದರು. "ಮೂವತ್ತೆರಡು ವರ್ಷದಲ್ಲಿ ನನ್ನ ಗಂಡ ನನ್ನ ಹತ್ರ ಒಂದು ವಿಷಯ ಮುಚ್ಚಿಟ್ಟಿಲ್ಲ. ಬಚ್ಚಲಲ್ಲಿ ಕೂಡಿಹಾಕಿದ್ದಲ್ದೆ ಮೇಲೆ ಇಂಥ ಮಾತು ಬೇರೆ. ಬೇಡ ಅಂದಿದ್ರೆ ಮರ್ಯಾದೆಯಿಂದ ಬೇಡ ಅನ್ಬೋದಿತ್ತಲ್ಲ."

ಸುಮನಾ ಎದ್ದು ನಿಂತಳು. ಮಡಿಲಿನ ಕಾಯಿಯನ್ನು ತೆಗೆದು ತೀರ್ಥಮ್ಮನ ಮುಂದಿನ ತಟ್ಟೆಯಲ್ಲಿಟ್ಟಳು.

"ಅವರು 'ಹಾಗಾದ್ರೆ' ಅಂತ ಯಾಕಂದ್ರು?" ಎಂದು ಕೇಳಿದಳು.

ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋದಳು. ತೀರ್ಥಮ್ಮ ತಟ್ಟೆಯಲ್ಲಿದ್ದುದನ್ನೆಲ್ಲ ಚೀಲಕ್ಕೆ ಸುರಿದುಕೊಂಡು ಹೊರಟರು. ಗುರುಮೂರ್ತಿ ಹಿಂದೆ ಹೋದರು. ಗೇಟಿನ ಹತ್ತಿರ ಒಂದು ಕ್ಷಣ ನಿಂತು ತಿರುಗಿ ನೋಡಿದರು. ಮುಂದಿನಿಂದ ಕರೆ ಬಂತು, ನಡೆದರು.

ಪಾಪಮ್ಮ ಹೊರಡುವಾಗ, "ಹಂಗೆ ಹೇಳ್ಬಾರ್ದಾಗಿತ್ತು ಕಣಪ್ಪಾ ಬೆನಕಪ್ಪ, ದೊಡ್ಡೋರ ಮೇಲೆ," ಎಂದು ಬೇಸರದಿಂದ ಹೇಳಿ ಹೋದರು. ಅವರು ತಮ್ಮ ಮನೆಗೆ ಹೋಗಲಿಲ್ಲ. ಸಾಲಿನ ಕೊನೆಯ ಮನೆಯಿಂದ ಶುರು ಮಾಡಿದರು. ಭೈರೇಶ್ ಹಾರೆ ತೆಗೆದುಕೊಂಡು, ಸೋಮವಾರ ಸಿಮೆಂಟ್ ಕಳಿಸುತ್ತೇನೆ ಎಂದ. ಕನಕರಾಜು ಬಿದ್ದ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿ, ಅದರ ಅಂಚನ್ನು ಒಮ್ಮೆ ಸವರಿ ಹೋದ.

ಮಲ್ಲಿಕಾಂಬ ಅಳಲಿಲ್ಲ. ಬಚ್ಚಲಿನ ಬಾಯಿಗೆ ಒಂದು ಹಳೆಯ ಸೀರೆ ಕಟ್ಟಿದರು. "ಹೋದ ಸಲ ಸೂರು. ಈ ಸಲ ನೀವೇ," ಎಂದು ಅಡಿಗೆಮನೆಗೆ ಹೋದರು.

ಬೆನಕಪ್ಪ ಮಗಳ ಕೋಣೆಯ ಬಾಗಿಲಲ್ಲಿ ನಿಂತರು. ಅವಳು ಹಣೆ ಒರೆಸಿಕೊಂಡು ಮಕ್ಕಳ ನೋಟ್‌ಬುಕ್ ತಿದ್ದಲು ಕೂತಿದ್ದಳು.

"ನಾನು ಹೇಳಿದ್ದು ನಿಜ ಕಣಮ್ಮ."

"ಗೊತ್ತಪ್ಪ," ಎಂದಳು ತಲೆ ಎತ್ತದೆ. ಕೆಂಪು ಪೆನ್ನು ಒಂದೇ ಪುಟದ ಮೇಲೆ ಬಹಳ ಹೊತ್ತಿನಿಂದ ನಿಂತಿತ್ತು.

ಆರು ಗಂಟೆಯ ಹೊತ್ತಿಗೆ ಬೆನಕಪ್ಪನವರ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಆ ಕಡೆ ಬಸ್ಸುಗಳ ಹಾರನ್ನು, ಕಡಲೆಕಾಯಿ ಮಾರುವವರ ಕೂಗು.

"ನಾನು, ಗುರುಮೂರ್ತಿ. ಬೀರೂರು ಬಸ್ ಸ್ಟ್ಯಾಂಡಲ್ಲಿದೀನಿ. ಅವಳು ಬಾಳೆಹಣ್ಣು ತಗೊಳ್ಳೋಕೆ ಹೋದ್ಲು, ಬೇಗ ಹೇಳ್ಬಿಡ್ತೀನಿ. ನಿಮಗೆ ಅನ್ಯಾಯ ಮಾಡ್ದೆ. ಅವಳು 'ಏನು' ಅಂದ್ಬಿಟ್ಲು, ನೀವೇ ಕೇಳಿದ್ರಲ್ಲ."

ಬೆನಕಪ್ಪ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.

"ಇನ್ನೊಂದು ವಿಷಯ. ಇವಳಿಗೆ ಹಠ ಬಂದ್ಬಿಟ್ಟಿದೆ. ಈ ಶ್ರಾವಣದಲ್ಲೇ ಮಗನ ಮದುವೆ ಮಾಡಿ ತೋರಿಸ್ತೀನಿ ಅಂತಿದಾಳೆ. ಮೊದಲೇ ಒಂದು ಕಡೆಯೋರು ತಮ್ಮ ಮಗಳಿಗೆ ಕೇಳಿದ್ರು, ಬಸ್ಸಲ್ಲೇ ಅವರಿಗೆ ಫೋನ್ ಮಾಡಿ ಮುಂದಿನ ಭಾನುವಾರಕ್ಕೆ ಗೊತ್ತು ಮಾಡಿದ್ಲು. ಅಜ್ಜಂಪುರ. ಸಿದ್ದಲಿಂಗೇಶ್ ಅಂತ, ಈರುಳ್ಳಿ ಮಂಡಿ ಇಟ್ಟಿದಾರೆ. ನಿಮಗೇನಾದ್ರೂ ಗೊತ್ತಾ?"

"ನನ್ನ ಹೆಂಡತಿ ತಮ್ಮ," ಎಂದರು ಬೆನಕಪ್ಪ.

ಆ ಕಡೆ ಒಂದು ಬಸ್ಸು ಹಾರನ್ ಹೊಡೆದು ಹೋಯಿತು.

"ಅವರ ಮನೆ ಬಚ್ಚಲು ಬಾಗಿಲು ಹೇಗೆ?" ಎಂದು ಕೇಳಿದರು ಗುರುಮೂರ್ತಿ.

"ಹೋದ ವರ್ಷ ಫೈಬರ್ ಬಾಗಿಲು ಹಾಕಿಸಿದ. ಮಳೆಗೆ ಉಬ್ಬಲ್ಲ."

"ಹಾಗಾದ್ರೆ ನೀವೇ ಅವರಿಗೊಂದು ಮಾತು ಹೇಳ್ಬಿಡಿ ಬೆನಕಪ್ಪನೋರೇ. ನಿಮ್ಮ ಮಾತು ಕೇಳ್ತಾರೆ. ಬಂದ್ಲು ಬಂದ್ಲು," ಎಂದು ಗುರುಮೂರ್ತಿ ಫೋನ್ ಇಟ್ಟರು.

ಬೆನಕಪ್ಪ ಎದ್ದು ಅಡಿಗೆಮನೆಯ ಕಡೆ ಹೋದರು. ಮಲ್ಲಿಕಾಂಬ ಒಲೆಯ ಮುಂದೆ ಇವರಿಗೆ ಬೆನ್ನು ಹಾಕಿ ನಿಂತು, ತಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಹೂಂ ಕಣೋ, ಅವರೇ. ಚಿನ್ನದಂಥ ಜನ. ನಮ್ಮ ಕೈ ತಪ್ಪಿತು, ನೀನಾದ್ರೂ ಬಿಡ್ಬೇಡ. ನಿಮ್ಮ ಭಾವ ಫೋನ್ ಮಾಡಿ ಏನಾದ್ರೂ ಹೇಳಿದ್ರೆ ಮಾತ್ರ ನಂಬೋಕೆ ಹೋಗ್ಬೇಡ."